ಕೆಟ್ಟ ಉಗುರೆಲ್ಲ ಫಂಗಸ್ ಅಲ್ಲ

ನಮ್ಮ ಕಡೆ ಉಗುರಿನ ಕಾಯಿಲೆಗೆ ಇರುವುದು ಎರಡೇ ಹೆಸರು. ಬೆರಳ ತುದಿ ಊದಿ ಕೀವು ತುಂಬಿದರೆ ಅದು ಉಗುರುಸುತ್ತು. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿಕೊಂಡರೆ ಆಯಿತು. ಉಳಿದದ್ದೆಲ್ಲ ಫಂಗಸ್. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರೆ ಆಯಿತು. ಕೂಡ್ಲಿಗಿಯಲ್ಲಿ ಶೇಂಗಾ ಬಿಡಿಸುವವರು, ಹಡಗಲಿಯಲ್ಲಿ ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಕೀಳುವವರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಲ್ಲಿ ಮೆಕ್ಕೆಜೋಳದ ತೆನೆ ಸುಲಿಯುವವರು, ನಮ್ಮ ಕೊಟ್ಟೂರಿನ ಮಂಡಕ್ಕಿ–ಮಿರ್ಚಿ ಅಂಗಡಿಗಳಲ್ಲಿ ದಿನವಿಡೀ ಈರುಳ್ಳಿ ಹೆಚ್ಚುವವರು ಎಲ್ಲರೂ ಬೆರಳ ತುದಿಯನ್ನೇ ನಂಬಿ ಬದುಕುವವರು. ಆದರೂ ಉಗುರಿಗಾಗಿ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದರೆ ಜನ ನಗುತ್ತಾರೆ.

ಆ ಎರಡೂ ಹೆಸರಿಗೆ ಸೇರದ ಮೂರನೆಯದೊಂದಿದೆ. ಅದು ನನಗೆ ಬಂದಿದೆ. ಅದರ ಹೆಸರು ಉಗುರಿನ ಸೋರಿಯಾಸಿಸ್. ಅದು ಸೋಂಕಲ್ಲ, ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದಿಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಉಗುರಿನ ಬೇರು ಮತ್ತು ಅದರ ಕೆಳಗಿನ ಹಾಸಿನ ಮೇಲೆ ತಿರುಗಿಬಿದ್ದಾಗ ಆಗುವ ಉರಿಯೂತವಿದು.

ಸೂಜಿಯಿಂದ ಚುಚ್ಚಿದ ಹಾಗೆ

ಬಿ.ಇ. ಮೆಕ್ಯಾನಿಕಲ್‌ಗೆ ಸೇರಿದ ವರ್ಷ ನನ್ನ ಬಲಗೈ ಉಗುರುಗಳ ಮೇಲೆ ಸಣ್ಣ ಸಣ್ಣ ಗುಳಿಗಳು ಕಾಣಿಸಿಕೊಂಡವು. ‘ಲೇ ನಮ್ಮಪ್ಪ, ಉಗುರಿಗೆ ಗೆದ್ದಲು ಹಿಡಿದಂಗೆ ಐತಲ್ಲೋ’ ಎಂದಳು ಅಜ್ಜಿ. ಆಮೇಲೆ ತೋರುಬೆರಳಿನ ಉಗುರು ತುದಿಯಿಂದ ಬಿಟ್ಟುಕೊಂಡು ಬೆಳ್ಳಗಾಯಿತು. ಉಗುರಿನೊಳಗೆ ಎಣ್ಣೆ ಹನಿ ಬಿದ್ದಂಥ ಹಳದಿ–ಕಂದು ಕಲೆ ಮೂಡಿತು. ವರ್ಕ್‌ಶಾಪ್ ಲ್ಯಾಬಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದ ವಾರವೆಲ್ಲ ಅದು ಇನ್ನೂ ಹೆಚ್ಚುತ್ತಿತ್ತು. ಉಗುರು ಸುತ್ತಿನ ಮೇಲೆ ಒನಕೆ ಪೆಟ್ಟು ಎನ್ನುವ ಗಾದೆ ಈ ಕಾಯಿಲೆಗೆ ಅಕ್ಷರಶಃ ನಿಜ. ಪೆಟ್ಟು, ಉಜ್ಜಾಟ ಬಿದ್ದ ಕಡೆ ಸೋರಿಯಾಸಿಸ್ ಕೆರಳುತ್ತದೆ.

ಅಂಗಡಿಯೊಂದರಲ್ಲಿ ನೋಡಿದ ತಕ್ಷಣ ಫಂಗಸ್ ಎಂದು ಮಾತ್ರೆ, ಮುಲಾಮು ಕೊಟ್ಟರು. ಆರು ತಿಂಗಳಾದರೂ ಒಂದು ಗುಳಿಯೂ ಕಡಿಮೆಯಾಗಲಿಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ಒಬ್ಬ ಗೆಳೆಯ ನನ್ನ ತಟ್ಟೆಯಿಂದ ಚಪಾತಿ ಹರಿದುಕೊಳ್ಳುವುದನ್ನು ನಿಲ್ಲಿಸಿದ. ನಾನು ಜೇಬಿನಲ್ಲಿ ಕೈ ಇಟ್ಟುಕೊಂಡು ಮಾತಾಡುವುದನ್ನು ಕಲಿತೆ. ಸೆಮಿನಾರ್ ಕೊಡುವಾಗ ಬೋರ್ಡಿನತ್ತ ಬೆರಳು ತೋರಿಸುವ ಬದಲು ಪೆನ್ನು ತೋರಿಸುತ್ತಿದ್ದೆ.

ಡಾಕ್ಟರು ಉಗುರನ್ನಷ್ಟೇ ನೋಡಲಿಲ್ಲ

ಕೊನೆಗೆ ದಾವಣಗೆರೆಯಲ್ಲಿ ಚರ್ಮರೋಗ ತಜ್ಞರೊಬ್ಬರಿಗೆ ತೋರಿಸಿದೆವು. ಅವರು ಕೈ ಹಿಡಿದು ಉಗುರು ನೋಡಿದ್ದು ಎರಡು ನಿಮಿಷ. ಉಳಿದ ಹೊತ್ತೆಲ್ಲ ನೋಡಿದ್ದು ಬೇರೆ ಕಡೆ: ಕೂದಲ ಸಂದಿ, ಕಿವಿಯ ಹಿಂಭಾಗ, ಮೊಣಕೈ, ಮೊಣಕಾಲು, ಹೊಕ್ಕುಳು. ಸೋರಿಯಾಸಿಸ್‌ನ ಕೆಂಪು ಕಲೆ, ಬಿಳಿ ಹೊಟ್ಟು ಇಂಥ ಕಡೆ ಅಡಗಿ ಕುಳಿತಿರುತ್ತದೆ. ನಾನು ತಲೆಹೊಟ್ಟು ಎಂದುಕೊಂಡಿದ್ದು ಅದೇ ಆಗಿತ್ತು. ಕೆಲವರಿಗೆ ಮೈಮೇಲೆ ಏನೂ ಇಲ್ಲದೆ ಉಗುರಿಗೆ ಮಾತ್ರ ಬರುವುದೂ ಉಂಟು.

ಆಮೇಲೆ ಉಗುರಿನ ತುಣುಕು, ಅಡಿಯ ಪುಡಿ ಕೆರೆದು ಪರೀಕ್ಷೆಗೆ ಕಳಿಸಿದರು. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಉಗುರಿನ ಗಟ್ಟಿ ಭಾಗ ಕರಗಿ, ಫಂಗಸ್ ಇದ್ದರೆ ಅದರ ಎಳೆಗಳು ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಇದಕ್ಕೆ ಕೆಒಎಚ್ ಪರೀಕ್ಷೆ ಎನ್ನುತ್ತಾರೆ. ಹೆಚ್ಚು ಖರ್ಚಿಲ್ಲ, ಹೆಚ್ಚು ಹೊತ್ತೂ ಬೇಡ. ಅನುಮಾನ ಉಳಿದರೆ ಕಲ್ಚರ್ ಮಾಡಿಸುತ್ತಾರೆ, ಅಪರೂಪಕ್ಕೆ ಬಯಾಪ್ಸಿ. ನನ್ನ ವರದಿಯಲ್ಲಿ ಫಂಗಸ್ ಇರಲಿಲ್ಲ. ಸೋರಿಯಾಸಿಸ್ ಉಗುರಿನ ಮೇಲೆ ಫಂಗಸ್ ಕೂಡ ಬಂದು ಕೂರಬಹುದು, ಹಾಗಾಗಿ ಕಣ್ಣಂದಾಜು ಸಾಲದು ಎಂದರು ಡಾಕ್ಟರು. ಮಲ್ಟಿಮೀಟರ್ ಹಚ್ಚಿ ನೋಡದೆ ಮೋಟಾರಿನ ವೈಂಡಿಂಗ್ ಬಿಚ್ಚಬೇಡಿ ಎಂದು ನಮ್ಮ ಲ್ಯಾಬಿನಲ್ಲಿ ಹೇಳುವುದೂ ಇದನ್ನೇ.

ರೋಗ ಎಷ್ಟಿದೆ ಎಂದು ಅಳೆಯಲೂ ಒಂದು ಲೆಕ್ಕವಿದೆ. ಪ್ರತಿ ಉಗುರನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಬೇರಿನ ದೋಷಕ್ಕೆ ಒಂದು, ಹಾಸಿನ ದೋಷಕ್ಕೆ ಒಂದು ಅಂಕ. ಒಂದು ಉಗುರಿಗೆ ಗರಿಷ್ಠ 8, ಎರಡೂ ಕೈ ಸೇರಿ 80. ಗುಳಿ ಬೀಳುವುದು ಬೇರಿನ ದೋಷ. ಉಗುರು ಬಿಟ್ಟುಕೊಳ್ಳುವುದು, ಎಣ್ಣೆ ಹನಿಯ ಕಲೆ, ಅಡಿಯಲ್ಲಿ ದಪ್ಪ ಪುಡಿ ಸೇರುವುದು ಹಾಸಿನ ದೋಷ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಖುಷಿಪಡುವ ವಿಷಯ ನನಗೆ ಇದೊಂದೇ.

ದೊಡ್ಡಪ್ಪನ ಬೆರಳು

ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆ ನಮ್ಮ ಮನೆಯ ಕಥೆಯನ್ನೇ ಬದಲಿಸಿತು. ‘ಬೆಳಿಗ್ಗೆ ಎದ್ದಾಗ ಬೆರಳು ಬಿಗಿದುಕೊಂಡಿರುತ್ತಾ? ಮನೆಯಲ್ಲಿ ಯಾರಿಗಾದರೂ ಹೀಗಿದೆಯಾ?’

ನನಗೆ ಬಿಗಿತ ಇರಲಿಲ್ಲ. ಆದರೆ ಕೂಡ್ಲಿಗಿ ಹತ್ತಿರ ಹೊಲ ಮಾಡುವ ದೊಡ್ಡಪ್ಪನ ಎರಡು ಬೆರಳು ತುದಿಯ ಗಂಟಿನಲ್ಲಿ ಸೊಟ್ಟಗಾಗಿವೆ. ಬೆಳಿಗ್ಗೆ ಒಂದು ತಾಸು ಕುಡುಗೋಲು ಹಿಡಿಯಲು ಆಗುವುದಿಲ್ಲ. ವರ್ಷಗಟ್ಟಲೆ ಅದಕ್ಕೆ ‘ವಾಯು’ ಎಂದೇ ಹೆಸರು. ನೋವಿನ ಮಾತ್ರೆ ನುಂಗಿ ಹೊಲಕ್ಕೆ ಹೋಗುತ್ತಿದ್ದರು. ಅವರ ಉಗುರಿನಲ್ಲೂ ಅವೇ ಗುಳಿಗಳಿದ್ದವು. ಯಾರೂ ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲ.

ಬೆರಳ ತುದಿಯ ಗಂಟನ್ನು ಹಿಡಿದಿರುವ ಸ್ನಾಯುರಜ್ಜುವಿನ ಎಳೆಗಳು ಉಗುರಿನ ಬೇರಿಗೆ ಅಂಟಿಕೊಂಡಂತೆ ಇರುತ್ತವೆ. ಆದ್ದರಿಂದ ಉಗುರಿನ ಉರಿಯೂತವೂ ಗಂಟಿನ ಉರಿಯೂತವೂ ನೆರೆಮನೆಯವರು. ಸೋರಿಯಾಸಿಸ್ ಸಂಧಿವಾತ ಇರುವ ಬಹುಪಾಲು ಜನರ ಉಗುರುಗಳಲ್ಲಿ ಬದಲಾವಣೆ ಕಾಣುತ್ತದೆ. ಉಗುರು ಮತ್ತೆ ಬೆಳೆಯುತ್ತದೆ, ಆದರೆ ಸವೆದ ಗಂಟು ಮತ್ತೆ ಬೆಳೆಯುವುದಿಲ್ಲ. ದೊಡ್ಡಪ್ಪನಿಗೆ ಚಿಕಿತ್ಸೆ ಶುರುವಾದ ಮೇಲೆ ನೋವು, ಬಿಗಿತ ಇಳಿದಿದೆ. ಸೊಟ್ಟಗಾದ ಎರಡು ಬೆರಳು ಮಾತ್ರ ಹಾಗೆಯೇ ಉಳಿದವು. ಉಗುರಿನ ಗುಳಿಯನ್ನು ಹತ್ತು ವರ್ಷ ಮೊದಲು ಯಾರಾದರೂ ಓದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ವಾರಕ್ಕೊಮ್ಮೆಯ ಮಾತ್ರೆ

ಉಗುರಿಗಷ್ಟೇ ರೋಗವಿದ್ದರೆ ಮೊದಲು ಹಚ್ಚುವ ಔಷಧ: ಸ್ಟಿರಾಯ್ಡ್ ಮುಲಾಮು, ಇಲ್ಲವೇ ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೊಟ್ರಿಯಾಲ್. ಗುಳಿ ಇರುವ ಉಗುರಿಗೆ ಮೇಲೆ ಬಳಿದರೆ ಪ್ರಯೋಜನವಿಲ್ಲ. ಬೇರು ಇರುವ ಬುಡದ ಚರ್ಮಕ್ಕೆ ತಿಕ್ಕಬೇಕು. ಸ್ಟಿರಾಯ್ಡನ್ನು ನಮ್ಮಷ್ಟಕ್ಕೆ ನಾವೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹಟ ಹಿಡಿದ ನನ್ನ ಎರಡು ಉಗುರುಗಳ ಬುಡಕ್ಕೆ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಕೊಟ್ಟರು. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಹಲವು ಉಗುರು ಕೆಟ್ಟಿದ್ದರೆ ಅಥವಾ ಗಂಟಿಗೂ ಬಂದಿದ್ದರೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬೇಕಾಗುತ್ತದೆ. ದೊಡ್ಡಪ್ಪ ತೆಗೆದುಕೊಳ್ಳುತ್ತಿರುವುದು ಅದನ್ನೇ. ಇದು ವಾರಕ್ಕೆ ಒಂದೇ ದಿನದ ಮಾತ್ರೆ, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ದೊಡ್ಡಮ್ಮ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಅರಿಶಿನದ ಬೊಟ್ಟು ಇಟ್ಟಿದ್ದಾರೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಮದ್ಯ ಮುಟ್ಟುವಂತಿಲ್ಲ. ಗರ್ಭಿಣಿಯರಿಗೆ ಇದು ಕೂಡದು.

ಈ ಮಾತ್ರೆಯ ಹಿಂದೆ ನಮ್ಮ ದೇಶದವರೊಬ್ಬರಿದ್ದಾರೆ. ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆ ನಡೆಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳನ್ನು ರೂಪಿಸಿತು. ಮೂಲತಃ ಅವು ಕ್ಯಾನ್ಸರಿನ ಔಷಧಗಳು. ಅಮಿನಾಪ್ಟೆರಿನ್ ಕೊಟ್ಟವರಲ್ಲಿ ಸೋರಿಯಾಸಿಸ್ ತಿಳಿಯಾದುದನ್ನು ವೈದ್ಯರು 1951ರಲ್ಲಿ ವರದಿ ಮಾಡಿದರು. ಅಷ್ಟರಲ್ಲಿ ಸುಬ್ಬರಾವ್ ತೀರಿಕೊಂಡು ಮೂರು ವರ್ಷವಾಗಿತ್ತು. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಸೋರಿಯಾಸಿಸ್‌ಗೆಂದೇ ಇಟೋಲಿಜುಮ್ಯಾಬ್ ಎಂಬ ಜೈವಿಕ ಔಷಧವನ್ನು 2013ರಲ್ಲಿ ಮಾರುಕಟ್ಟೆಗೆ ತಂದಿತು. ಇಂಥ ಜೈವಿಕ ಔಷಧಗಳು ಉಳಿದವು ನಾಟದಿದ್ದಾಗಿನ ದಾರಿ, ಬೆಲೆಯೂ ದುಬಾರಿ.

ಇದರ ಹತ್ತಿರದ ಸಂಬಂಧಿ ಲೈಕೆನ್ ಪ್ಲಾನಸ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಉಗುರು ತೆಳುವಾಗಿ, ಉದ್ದುದ್ದ ಗೀರು ಬಿದ್ದು ಸೀಳುತ್ತದೆ. ತಡ ಮಾಡಿದರೆ ಬೇರಿನಲ್ಲಿ ಗಾಯದ ಕಲೆ ಕಟ್ಟಿ ಉಗುರು ಶಾಶ್ವತವಾಗಿ ಹೋಗಬಹುದು. ಹಾಗೆ ಕಂಡರೆ ಕಾಯಬಾರದು.

ತಿಂಗಳಿಗೆ ಮೂರು ಮಿಲಿಮೀಟರ್

ಚಿಕಿತ್ಸೆಗಿಂತ ಕಷ್ಟವಾದದ್ದು ಕಾಯುವುದು. ಉಗುರಿನ ಬುಡದಲ್ಲಿ ಮಾರ್ಕರಿನಿಂದ ಚುಕ್ಕಿ ಇಟ್ಟು, ಅಳಿಸಿದಂತೆಲ್ಲ ಅಲ್ಲೇ ತಿದ್ದುತ್ತ, ತಿಂಗಳಾದ ಮೇಲೆ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದೆ. ಸುಮಾರು ಮೂರು ಮಿಲಿಮೀಟರ್! ಬೇರಿನಲ್ಲಿ ಇಂದು ಆದ ಸುಧಾರಣೆ ತುದಿಗೆ ಬಂದು ಕಾಣಲು ಆರು ತಿಂಗಳು ಬೇಕು. ಕಾಲಿನ ಉಗುರಿಗೆ ಒಂದರಿಂದ ಒಂದೂವರೆ ವರ್ಷ. ಒಂದೇ ತಿಂಗಳಿಗೆ ‘ಈ ಔಷಧ ನಾಟಲಿಲ್ಲ’ ಎಂದು ಬಿಡುವವರು ಸೋಲುವುದು ಇಲ್ಲೇ. ಇದು ಬೇರುಸಹಿತ ಹೋಗುವ ರೋಗವಲ್ಲ, ಹದ್ದುಬಸ್ತಿನಲ್ಲಿಡುವ ರೋಗ. ಉಗುರು ಗಿಡ್ಡ ಕತ್ತರಿಸುವುದು, ಅಡಿಯನ್ನು ಕಡ್ಡಿಯಿಂದ ಕೆರೆಯದಿರುವುದು, ಲ್ಯಾಬಿನಲ್ಲಿ ಗ್ಲೌಸ್ ಹಾಕುವುದು ನನ್ನ ಪಾಲಿನ ಕೆಲಸ. ನನ್ನ ಅಂಕ 22ರಿಂದ 7ಕ್ಕೆ ಇಳಿದಿದೆ.

ನಮ್ಮ ತಾಲ್ಲೂಕುಗಳಿಂದ ಬಳ್ಳಾರಿಗೋ ದಾವಣಗೆರೆಗೋ ಹೋಗಲು ಒಂದು ದಿನದ ಕೂಲಿ ಬಿಡಬೇಕು ಎನ್ನುವುದು ನನಗೆ ಗೊತ್ತು. ಸರ್ಕಾರದ ಇ–ಸಂಜೀವಿನಿಯಲ್ಲಿ ಫೋನಿನಿಂದಲೇ ಡಾಕ್ಟರ ಸಲಹೆ ಪಡೆಯಬಹುದು, ಅದು ಉಚಿತ. ಪರೀಕ್ಷೆಗೆ ಮಾತ್ರ ಒಮ್ಮೆ ಹೋಗಲೇಬೇಕು. ಹೋದಾಗ ‘ಫಂಗಸ್ ಪರೀಕ್ಷೆ ಮಾಡಿಸೋಣವೇ ಸಾರ್?’ ಎಂದು ಕೇಳಲು ಸಂಕೋಚ ಬೇಡ.

ಗೆಳೆಯರೇ, ಸಂದರ್ಶನಕ್ಕೆ ಹೋಗುವಾಗ ಕೈ ಬಚ್ಚಿಡುವ ಕಷ್ಟ ನನ್ನಂಥ ಇನ್ನೂ ಹಲವರಿಗಿರಬಹುದು. ಅಂಥವರ ಪಕ್ಕ ಕುಳಿತು ಊಟ ಮಾಡಿ, ಅದು ಅಂಟುವುದಿಲ್ಲ. ಮನೆಗೆ ಹೋದಾಗ ಅಪ್ಪ, ಅವ್ವ, ದೊಡ್ಡಪ್ಪನ ಕೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಉಗುರಿನಲ್ಲಿ ಗುಳಿ ಕಂಡರೆ ‘ಬೆಳಿಗ್ಗೆ ಬೆರಳು ಬಿಗಿಯುತ್ತಾ?’ ಎಂದು ಕೇಳಿ. ಹೌದೆಂದರೆ ಮುಂದಿನ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.