ಹಳದಿ ಮಸೂರದ ಪಾರದರ್ಶಕತೆ

ಮರವನ್ನೂ ಅಕ್ರಿಲಿಕ್ ಹಲಗೆಯನ್ನೂ ಕತ್ತರಿಸುವ ಲೇಸರ್ ಯಂತ್ರಗಳಲ್ಲಿ, ಕಿರಣವನ್ನು ಒಂದೆಡೆ ಕೂಡಿಸುವ ಹಳದಿ ಮಸೂರವೊಂದು ಇರುವುದುಂಟು. ಸತುವೂ ಸೆಲೆನಿಯಮ್ಮೂ ಸಮಾನ ಸಂಖ್ಯೆಯ ಪರಮಾಣುಗಳಲ್ಲಿ ಕೂಡಿ ಆದ ಜಿಂಕ್ ಸೆಲೆನೈಡ್ ಎಂಬ ಅರೆವಾಹಕವೇ ಅದರ ದ್ರವ್ಯ. ಕಣ್ಣಿಗೆ ಕಂಡುದನ್ನೇ ಪ್ರಮಾಣವೆಂದು ಎಣಿಸುವ ನಮ್ಮ ಸ್ವಭಾವದಿಂದ ಇದರ ವಿಷಯದಲ್ಲಿ ಹಲವು ಭ್ರಮೆಗಳು ನೆಲೆಗೊಂಡಿವೆ.

ತಪ್ಪು ಕಲ್ಪನೆ: ಇದು ಬಣ್ಣದ ಗಾಜು, ತಿಳಿಗಾಜಿನ ಮಸೂರವೇ ಇದಕ್ಕಿಂತ ಮೇಲು.

ಸತ್ಯ: 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಭಾರತಸಂಜಾತರಾದ ಕುಮಾರ್ ಪಟೇಲರು ರೂಪಿಸಿದ, ಇಂತಹ ಯಂತ್ರಗಳಲ್ಲಿ ಬಳಕೆಯಾಗುವ ಕಾರ್ಬನ್ ಡೈಆಕ್ಸೈಡ್ ಲೇಸರು ಸಾಮಾನ್ಯವಾಗಿ ಹೊಮ್ಮಿಸುವುದು 10.6 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣವನ್ನು. ಅದರ ಪಾಲಿಗೆ ನಿರ್ಮಲವಾದ ಗಾಜೂ ಗೋಡೆಯೇ ಸರಿ. ಜಿಂಕ್ ಸೆಲೆನೈಡಾದರೋ 0.6ರಿಂದ ಸುಮಾರು 20 ಮೈಕ್ರೋಮೀಟರಿನವರೆಗಿನ ಕಿರಣಗಳಿಗೆ ದಾರಿ ಬಿಡುತ್ತದೆ. ಆದುದರಿಂದ ಯಾವ ಕಿರಣಕ್ಕೆ ಎಂಬುದನ್ನು ಹೇಳದೆ ಯಾವ ವಸ್ತುವನ್ನೂ ಪಾರದರ್ಶಕವೆಂದು ಕರೆಯುವುದು ಸಲ್ಲದು.

ತಪ್ಪು ಕಲ್ಪನೆ: ಹಳದಿ ಬಣ್ಣವು ಕಲ್ಮಷದ ಗುರುತು.

ಸತ್ಯ: ಈ ಸ್ಫಟಿಕದಲ್ಲಿ ಎಲೆಕ್ಟ್ರಾನೊಂದನ್ನು ಬಂಧನದಿಂದ ಬಿಡಿಸಲು ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿಯುಳ್ಳ ನೇರಳೆ ಮತ್ತು ಗಾಢನೀಲಿ ಬೆಳಕು ಆ ಕಾರ್ಯದಲ್ಲಿಯೇ ವ್ಯಯವಾಗಿ ಹೋಗಲು, ಶಕ್ತಿ ಸಾಲದ ಹಳದಿ, ಕೆಂಪು, ಅವಕೆಂಪು ಕಿರಣಗಳು ಅಡ್ಡಿಯಿಲ್ಲದೆ ಹಾಯ್ದುಬರುತ್ತವೆ. ಹೀಗೆ ಆ ಬಣ್ಣವು ಅದರ ಅರೆವಾಹಕ ಸ್ವಭಾವದಿಂದಲೇ ಹುಟ್ಟಿದ್ದು. ಕಾಣದ ಕಿರಣದ ಗುರಿಯನ್ನು ಹೊಂದಿಸಲು ಬಳಸುವ ಕೆಂಪು ಬೆಳಕೂ ಇದೇ ಮಸೂರದ ಮೂಲಕ ಸಾಗಬಲ್ಲುದು; ಕಣ್ಣಿಗೆ ಅಪಾರದರ್ಶಕವಾದ ಜರ್ಮೇನಿಯಮ್ಮಿಗೆ ಈ ಅನುಕೂಲವಿಲ್ಲ.

ತಪ್ಪು ಕಲ್ಪನೆ: ಅರೆವಾಹಕವೆಂದ ಮೇಲೆ ಅದರ ಸ್ಥಾನ ವಿದ್ಯುನ್ಮಾನ ಉಪಕರಣಗಳಲ್ಲಿ ಮಾತ್ರ.

ಸತ್ಯ: 1991ರಲ್ಲಿ 3ಎಂ ಸಂಸ್ಥೆಯ ವಿಜ್ಞಾನಿಗಳು ಇದನ್ನು ಆಧರಿಸಿ ನೀಲಿ-ಹಸಿರು ಲೇಸರ್ ಡಯೋಡನ್ನು ಬೆಳಗಿಸಿದರೆಂಬುದು ನಿಜ, ಆದರೆ ಸ್ಫಟಿಕದೋಷಗಳು ಬೆಳೆದು ಅಂತಹ ಡಯೋಡುಗಳು ಬೇಗ ಕೆಡುತ್ತಿದ್ದುದರಿಂದ ಆ ಸ್ಥಾನವು ಗ್ಯಾಲಿಯಮ್ ನೈಟ್ರೈಡಿಗೆ ಸಂದಿತು. ಜಿಂಕ್ ಸೆಲೆನೈಡಿನ ಸ್ಥಿರವಾದ ಕೀರ್ತಿ ಇರುವುದು ಲೇಸರ್ ಮಸೂರಗಳಲ್ಲಿ ಮತ್ತು ಉಷ್ಣಚಿತ್ರಕ ಕ್ಯಾಮೆರಾಗಳಲ್ಲಿ.

ತಪ್ಪು ಕಲ್ಪನೆ: ಇದು ಮುಟ್ಟಿದರೆ ವಿಷ, ಇಲ್ಲವೇ, ಗಾಜಿನಂತೆ ಒರೆಸಿ ಬಳಸಬಹುದಾದ ನಿರಪಾಯವಸ್ತು.

ಸತ್ಯ: ಇಡಿಯಾದ ಮಸೂರವನ್ನು ಹಿಡಿದ ಮಾತ್ರಕ್ಕೆ ಕೇಡಿಲ್ಲ, ಆದರೆ ಒಡೆದ ಮಸೂರದ ಧೂಳು ಉಸಿರಿಗೆ ಸೇರಬಾರದು, ಆಮ್ಲದೊಡನೆ ವರ್ತಿಸಿ ಹೈಡ್ರೋಜನ್ ಸೆಲೆನೈಡ್ ಎಂಬ ಘೋರವಿಷದ ಅನಿಲವು ಹೊಮ್ಮಲು ಆಸ್ಪದವೂ ಇರಬಾರದು. ಗಾಜಿಗಿಂತ ಬಹಳ ಮೃದುವಾದುದರಿಂದ ಒಣಬಟ್ಟೆಯ ಉಜ್ಜಾಟಕ್ಕೇ ಗೀರುಬೀಳುವುದು. ಬೆರಳಿನ ಜಿಡ್ಡು ಅಂಟಿದ ಕಡೆ ಕಿರಣದ ಶಕ್ತಿ ಹೀರಲ್ಪಟ್ಟು ಮಸೂರವೇ ಬೆಂದು ಸೀಳಬಹುದು. ಆದುದರಿಂದ ಕೈಗವಸು ತೊಟ್ಟು ಅಂಚನ್ನಷ್ಟೇ ಹಿಡಿಯುವ ಅಭ್ಯಾಸವು ಕೆಲಸಗಾರನನ್ನೂ ಮಸೂರವನ್ನೂ ಏಕಕಾಲಕ್ಕೆ ಕಾಪಾಡುತ್ತದೆ.