ಮೂರು ರಬ್ಬರು ಕೊಳವೆಗಳು

ಮೋಟಾರು ಗಾಡಿಯ ವಿಷಯವಾಗಿ ಮಾತನಾಡುವವರು ಸಾಮಾನ್ಯವಾಗಿ ಅದರ ಓಟವನ್ನು ಕುರಿತೇ ಮಾತನಾಡುತ್ತಾರೆ. ಗಂಟೆಗೆ ಎಷ್ಟು ಮೈಲಿ, ಎಂಜಿನ್ನಿಗೆ ಎಷ್ಟು ಕುದುರೆಗಳ ಬಲ ಎಂಬ ಲೆಕ್ಕಗಳು ಕಾಲೇಜಿನ ಹುಡುಗರಿಗೆ ಕಂಠಪಾಠ. ಅದು ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ಓಡುವುದು ಗುಣ, ನಿಲ್ಲುವುದು ಬರಿಯ ಕರ್ತವ್ಯ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆಯೋ ಏನೋ! ನಾನು ಇಲ್ಲಿ ಹೇಳಹೊರಟಿರುವುದು ನಿಲ್ಲುವುದರ ವಿಚಾರ. ಅದರಲ್ಲಿಯೂ ಮೊಳದುದ್ದವೂ ಇಲ್ಲದ, ಕಿರುಬೆರಳಿನ ಗಾತ್ರದ ಮೂರು ರಬ್ಬರು ಕೊಳವೆಗಳ ವಿಚಾರ.

ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ದಕ್ಷಿಣದಲ್ಲಿ, ಥೇಮ್ಸ್ ನದಿಯ ದಡದ ಮೇಲೆ, ಆಬಿಂಗ್ಡನ್ ಎಂಬ ಹಳೆಯ ಊರಿದೆ. ೧೯೨೯ರಿಂದ ೧೯೮೦ರವರೆಗೆ ಎಂ.ಜಿ. ಎಂಬ ಹೆಸರಿನ ಸ್ಪೋರ್ಟ್ಸ್ ಕಾರುಗಳು ಹುಟ್ಟಿದ್ದು ಅಲ್ಲಿ. ಎಂ.ಜಿ. ಎಂದೊಡನೆ ಬೆಂಗಳೂರಿನವರಿಗೆ ಒಂದು ರಸ್ತೆ ನೆನಪಾಗುತ್ತದೆ. ಇಲ್ಲಿಯವರಿಗೆ ಅದು ಮಾರಿಸ್ ಗ್ಯಾರೇಜಸ್. ಆ ಕಾರ್ಖಾನೆ ೧೯೬೨ರಲ್ಲಿ ಹೊರತಂದ ಎಂ.ಜಿ.ಬಿ. ಎಂಬ ಮಾದರಿ ಕಾರ್ಖಾನೆ ಮುಚ್ಚುವವರೆಗೂ ನಡೆಯಿತು. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅವುಗಳಲ್ಲಿ ಒಂದು, ೧೯೭೨ರದು, ಹಸಿರು ಬಣ್ಣದ್ದು, ತೆರೆದ ಮಾಡಿನದು, ಇಬ್ಬರಿಗೆ ಮಾತ್ರ ಸ್ಥಳವಿರುವಂಥದು, ನನ್ನ ಮನೆಯ ಗ್ಯಾರೇಜಿನಲ್ಲಿದೆ. ಜೀವಮಾನವೆಲ್ಲ ಇಲ್ಲಿಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮಲೆನಾಡಿನವನೊಬ್ಬನಿಗೆ ಇಂಥ ಗಾಡಿ ಏಕೆ ಎಂದು ನೀವು ಕೇಳಬಹುದು. ನನ್ನ ಮನೆಯಾಕೆಯೂ ಇಪ್ಪತ್ತು ವರ್ಷಗಳಿಂದ ಅದನ್ನೇ ಕೇಳುತ್ತಿದ್ದಾಳೆ.

ಈ ದೇಶದಲ್ಲಿ ಗಾಡಿಗಳಿಗೆ ವರ್ಷಕ್ಕೊಮ್ಮೆ ಸರಕಾರದ ಕಟ್ಟಳೆಯಂತೆ ಪರೀಕ್ಷೆಯಾಗಬೇಕು. ೧೯೬೦ರಲ್ಲಿ ಆರಂಭವಾದ ಪದ್ಧತಿ ಅದು. ಆದರೆ ೨೦೧೮ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ಆ ಪರೀಕ್ಷೆಯಿಂದ ವಿನಾಯಿತಿ ದೊರೆಯಿತು. ಹಳೆಯ ಗಾಡಿಯನ್ನು ಇಟ್ಟುಕೊಂಡವರು ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ, ಅವರನ್ನು ಪೀಡಿಸುವುದೇಕೆ ಎಂಬುದು ಇದರ ಹಿಂದಿನ ನಂಬಿಕೆ. ನಂಬಿಕೆ ಒಳ್ಳೆಯದೇ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿದೆಯೇ ಎಂಬ ಹೊಣೆಯನ್ನು ಕಾನೂನು ಯಜಮಾನನ ತಲೆಯ ಮೇಲಿಂದ ಇಳಿಸಿಲ್ಲ. ಪರೀಕ್ಷಕ ಹೋದ, ಪರೀಕ್ಷೆ ಉಳಿಯಿತು. ಈಗ ಪ್ರಶ್ನೆಪತ್ರಿಕೆಯನ್ನು ಬರೆಯುವವನೂ ನಾನೇ, ಉತ್ತರಿಸುವವನೂ ನಾನೇ. ಉಪಾಧ್ಯಾಯನಾಗಿದ್ದವನಿಗೆ ಇದಕ್ಕಿಂತ ಅನುಮಾನಾಸ್ಪದವಾದ ವ್ಯವಸ್ಥೆ ಬೇರೊಂದಿಲ್ಲ.

ಕಳೆದ ವಸಂತದಲ್ಲಿ ನನ್ನ ಮಗಳು, “ಅಪ್ಪಾ, ಗಾಡಿ ನಾಲ್ಕು ದಿನ ನನಗೆ ಕೊಡು. ಗೆಳತಿಯ ಜೊತೆ ಎಕ್ಸ್‌ಮೂರಿಗೆ ಹೋಗಿಬರುತ್ತೇನೆ, ಬರುವಾಗ ಪಾರ್ಲಾಕ್ ಗುಡ್ಡ ಇಳಿದು ಬರಬೇಕು,” ಎಂದಳು. ಪಾರ್ಲಾಕ್ ಗುಡ್ಡವೆಂಬುದು ಸಾಮರ್‌ಸೆಟ್ ಪ್ರಾಂತದಲ್ಲಿ, ಸಮುದ್ರದ ಮಗ್ಗುಲಲ್ಲಿದೆ. ಅದರ ಇಳಿಜಾರು ನಾಲ್ಕಕ್ಕೆ ಒಂದು. ಎಂದರೆ ನಾಲ್ಕಡಿ ಮುಂದೆ ಹೋದರೆ ಒಂದಡಿ ಕೆಳಗೆ. ನಮ್ಮ ಆಗುಂಬೆಯ ಘಾಟಿ ಉದ್ದ. ಇದು ಗಿಡ್ಡ, ಆದರೆ ಕಡಿದು. ಹತ್ತಿರದಲ್ಲಿಯೇ ಸುಂಕ ಕೊಟ್ಟು ಹೋಗುವ ಸೌಮ್ಯವಾದ ದಾರಿಯೊಂದಿದೆ ಎಂದು ನಾನು ಸೂಚಿಸಿದೆ. ಮಕ್ಕಳು ಸೌಮ್ಯವಾದ ದಾರಿಯನ್ನು ಆರಿಸಿಕೊಂಡ ಉದಾಹರಣೆ ಯಾವ ಮನೆಯಲ್ಲಿದೆ?

ಅದೇ ವಾರ ಒಂದು ಸಂಜೆ ಹತ್ತು ಮೈಲಿ ಸುತ್ತಾಡಿ ಬಂದಾಗ, ಗಾಡಿ ಅಷ್ಟಿಷ್ಟು ಎಡಕ್ಕೆ ಎಳೆಯುತ್ತಿದ್ದುದನ್ನು ಗಮನಿಸಿದೆ. ಇಳಿದು ಮುಂದಿನ ಎಡಚಕ್ರದ ಬಳಿ ಕೈಯಿಟ್ಟರೆ, ದೋಸೆಯ ಕಾವಲಿಯ ಬಳಿ ಇಟ್ಟಂತಾಯಿತು. ಬಲಚಕ್ರ ತಣ್ಣಗಿತ್ತು. ಕಾಲು ತೆಗೆದರೂ ಆ ಒಂದು ಚಕ್ರದಲ್ಲಿ ಬ್ರೇಕು ಹಿಡಿದೇ ಇದೆ ಎಂದಾಯಿತು.

ಕಾರಣವನ್ನು ತಿಳಿಯಲು ಬ್ರೇಕಿನ ಮರ್ಮವನ್ನು ಸ್ವಲ್ಪ ಅರಿಯಬೇಕು. ಪಾತ್ರೆಯೊಂದರಲ್ಲಿ ಮುಚ್ಚಿಟ್ಟ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಯೆಂದು ಫ್ರಾನ್ಸಿನ ಪಾಸ್ಕಲ್ ಪ್ರತಿಪಾದಿಸಿದ. ಅವನು ಸತ್ತ ಮರುವರ್ಷ, ೧೬೬೩ರಲ್ಲಿ, ಆ ಗ್ರಂಥ ಅಚ್ಚಾಯಿತು. ಎರಡೂವರೆ ಶತಮಾನ ಕಳೆದ ಮೇಲೆ, ವಿಮಾನ ಕಟ್ಟಲು ಹೊರಟಿದ್ದ ಅಮೆರಿಕದ ಸೋದರರಲ್ಲೊಬ್ಬನಾದ ಮಾಲ್ಕಮ್ ಲಾಕ್‌ಹೀಡ್ ಅದನ್ನು ಬ್ರೇಕಿಗೆ ಅನ್ವಯಿಸಿ ೧೯೧೭ರಲ್ಲಿ ಪೇಟೆಂಟು ಪಡೆದ. ೧೯೨೧ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಅಂಥ ಬ್ರೇಕು ಬಂದಿತು. ಪೆಡಲನ್ನು ತುಳಿದರೆ ಮುಂಭಾಗದ ಸಿಲಿಂಡರಿನಲ್ಲಿ ದ್ರವ ಒತ್ತಲ್ಪಟ್ಟು, ಲೋಹದ ಸಣ್ಣ ಪೈಪುಗಳ ಮೂಲಕ ಚಕ್ರದವರೆಗೆ ಆ ಬಲ ಹೋಗುತ್ತದೆ. ಆದರೆ ಚಕ್ರ ಒಂದೆಡೆ ನಿಲ್ಲುವ ವಸ್ತುವಲ್ಲ. ಹಳ್ಳದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುತ್ತದೆ, ಮುಂದಿನದು ಎಡಬಲ ತಿರುಗುತ್ತದೆ. ಲೋಹದ ಪೈಪು ಹಾಗೆ ಬಳುಕಿದರೆ ದಣಿದು ಸೀಳುತ್ತದೆ. ಆದ್ದರಿಂದ ಕೊನೆಯ ಗೇಣು ದೂರಕ್ಕೆ ಬಳುಕುವ ರಬ್ಬರು ಕೊಳವೆ, ಎಂದರೆ ಹೋಸು, ಬೇಕು. ನನ್ನ ಗಾಡಿಯಲ್ಲಿ ಮುಂದಿನ ಎರಡು ಚಕ್ರಗಳಿಗೆ ಒಂದೊಂದು, ಹಿಂದಿನ ಅಚ್ಚಿಗೆ ಒಂದು, ಹೀಗೆ ಮೂರು. ಗಟ್ಟಿಯಾಗಿ ತುಳಿದಾಗ ಒಳಗಿನ ಒತ್ತಡ ಚದರ ಇಂಚಿಗೆ ಸಾವಿರ ಪೌಂಡಿನವರೆಗೂ ಏರಬಹುದು. ಆ ಕಾಲದ ಈ ಗಾಡಿಗೆ ದ್ರವದ ದಾರಿ ಒಂದೇ. ಮೂರರಲ್ಲಿ ಯಾವ ಹೋಸು ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಹೋಯಿತು. ಉಳಿಯುವುದು ಹಿಂದಿನ ಚಕ್ರಗಳಿಗೆ ತಂತಿಯಿಂದ ಕಟ್ಟಿದ ಕೈಬ್ರೇಕು ಮಾತ್ರ. ನಾಲ್ಕಕ್ಕೆ ಒಂದರ ಇಳಿಜಾರಿನಲ್ಲಿ ಆ ಕೈಬ್ರೇಕನ್ನು ನಂಬಿ ಮಗಳನ್ನು ಕಳುಹಿಸುವ ತಂದೆ ನಾನಲ್ಲ.

ಈ ದ್ರವದ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ನಮ್ಮ ಕಡೆಯ ಮೆಕ್ಯಾನಿಕರು ಅದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ, ಅದು ಎಣ್ಣೆಯಲ್ಲ. ನೆಲದೆಣ್ಣೆಯ ಜಾತಿಯ ಯಾವುದೇ ದ್ರವ ಅದರೊಳಕ್ಕೆ ಸೇರಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಮೊದಮೊದಲು ಈ ಕೆಲಸಕ್ಕೆ ಬಳಸುತ್ತಿದ್ದುದು ಮದ್ಯಸಾರ ಬೆರೆಸಿದ ಹರಳೆಣ್ಣೆ. ಅದು ರಬ್ಬರಿಗೆ ಸೌಮ್ಯ. ಬಾಲ್ಯದಲ್ಲಿ ಬಂಡಿಯ ಕೀಲಿಗೆ ಹಚ್ಚುವುದನ್ನು ನಾನು ಕಂಡ, ಮತ್ತು ಮೂಗು ಹಿಡಿದು ನನ್ನ ಗಂಟಲಿಗೆ ಅಜ್ಜಿ ಹೊಯ್ಯುತ್ತಿದ್ದ ಅದೇ ಹರಳೆಣ್ಣೆ ಪಾಶ್ಚಾತ್ಯರ ಮೋಟಾರುಗಳನ್ನು ನಿಲ್ಲಿಸುತ್ತಿತ್ತೆಂದು ತಿಳಿದಾಗ ಅದರ ಮೇಲಿನ ನನ್ನ ಹಳೆಯ ಸಿಟ್ಟು ಕೊಂಚ ಇಳಿಯಿತು. ಈಗಿನದು ಗ್ಲೈಕಾಲ್ ವರ್ಗದ ದ್ರವ. ಅದರ ದೊಡ್ಡ ದೋಷವೆಂದರೆ ಗಾಳಿಯ ತೇವವನ್ನು ಹೀರುವುದು. ಆ ತೇವ ರಬ್ಬರಿನ ಗೋಡೆಯನ್ನು ಹಾಯ್ದೂ ಒಳಕ್ಕೆ ಬರುತ್ತದೆ. ಡಾಟ್ ೪ ಎಂಬ ದರ್ಜೆಯ ಹೊಸ ದ್ರವ ೨೩೦ ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೂ ಕುದಿಯಬಾರದೆಂದು ನಿಯಮ. ನೂರಕ್ಕೆ ಸುಮಾರು ೩.೭ ಪಾಲು ನೀರು ಸೇರಿದಾಗ ಅದೇ ದ್ರವಕ್ಕೆ ನಿಗದಿಯಾಗಿರುವ ಮಿತಿ ೧೫೫ ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆವಿ ಒತ್ತಿದರೆ ಕುಗ್ಗುತ್ತದೆ, ದ್ರವದಂತೆ ಎದುರು ನಿಲ್ಲುವುದಿಲ್ಲ. ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ನನ್ನ ಎಡಚಕ್ರದ ರೋಗನಿದಾನಕ್ಕೆ ಬರೋಣ. ಗಾಡಿಯನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಹಿಂದಿನ ಚಕ್ರಗಳಿಗೆ ಮರದ ತುಂಡು ಒಡ್ಡಿದೆ. ಜಾಕು ಎತ್ತುವುದಕ್ಕೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಅದೊಂದನ್ನೇ ನಂಬಿ ಗಾಡಿಯ ಕೆಳಗೆ ತೂರಬಾರದು. ಪೆಡಲನ್ನು ಒತ್ತಿಸಿ ಬಿಡಿಸಿದೆ. ಬಲಚಕ್ರ ಕೈಗೆ ತಿರುಗಿತು, ಎಡಚಕ್ರ ತಿರುಗಲಿಲ್ಲ. ಅಪರಾಧಿಗಳಾಗಬಹುದಾದವರು ಮೂವರು: ಮೇಲಿನ ಸಿಲಿಂಡರು, ನಡುವಿನ ಹೋಸು, ಚಕ್ರದ ಬಳಿ ತಟ್ಟೆಯನ್ನು ಅಮುಕುವ ಕ್ಯಾಲಿಪರು. ಸಿಲಿಂಡರು ಒತ್ತಡವನ್ನು ಬಿಡದಿದ್ದರೆ ಬಲಚಕ್ರವೂ ಬಿಗಿಯಬೇಕಾಗಿತ್ತು. ಆದರೂ ಖಚಿತಪಡಿಸಿಕೊಳ್ಳಲೆಂದು, ಹೋಸಿಗಿಂತ ಮೇಲೆ ಲೋಹದ ಪೈಪು ಸೇರುವಲ್ಲಿ ನಟ್ಟನ್ನು ಸಡಿಲಿಸಿದೆ. ನಾಲ್ಕು ಹನಿ ಒಸರಿತು, ಚಕ್ರ ಕದಲಲಿಲ್ಲ. ಅನಂತರ ಹೋಸಿಗಿಂತ ಕೆಳಗೆ, ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲನ್ನು ತೆರೆದೆ. ದ್ರವ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಕ್ಯಾಲಿಪರಿನ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ನಿಪ್ಪಲು ತೆರೆದರೂ ಚಕ್ರ ಬಿಡುತ್ತಿರಲಿಲ್ಲ. ಹಾಗಾದರೆ ಒತ್ತಡವನ್ನು ಹಿಡಿದಿಟ್ಟುಕೊಂಡದ್ದು ನಡುವಿನ ಹೋಸು. ಗಣಿತದ ಮೇಷ್ಟರಿಗೆ ಇಂಥ ಸಾಧನೆ ಹಬ್ಬದೂಟ.

ಬಿಚ್ಚುವುದರಲ್ಲಿ ಒಂದು ಕ್ರಮವಿದೆ. ಹೋಸಿನ ಮೈಯನ್ನು ತಿರುಚಬಾರದು ಎಂಬುದೇ ಆ ಕ್ರಮದ ಮೂಲಸೂತ್ರ. ಮೊದಲು ಹೋಸಿನ ಆರುಮೂಲೆಯ ತಲೆಯನ್ನು ಒಂದು ಸ್ಪ್ಯಾನರಿನಿಂದ ಹಿಡಿದು, ಲೋಹದ ಪೈಪಿನ ನಟ್ಟನ್ನು ಇನ್ನೊಂದರಿಂದ ಬಿಡಿಸಬೇಕು. ಆಮೇಲೆ ಗಾಡಿಯ ಮೈಗೆ ಹೋಸನ್ನು ಬಿಗಿದ ಲಾಕ್ ನಟ್ಟು. ಕೊನೆಗೆ, ಮೇಲ್ತುದಿ ಸ್ವತಂತ್ರವಾದ ಮೇಲೆ, ಹೋಸನ್ನೇ ತಿರುಗಿಸಿ ಕ್ಯಾಲಿಪರಿನಿಂದ ಕಳಚಬೇಕು. ನಲವತ್ತು ಐವತ್ತು ಮಳೆಗಾಲಗಳನ್ನು ಕಂಡ ನಟ್ಟುಗಳು ಮೆದುವಾದ ಲೋಹದವು. ಎರಡೇ ಮುಖಗಳನ್ನು ಹಿಡಿಯುವ ಸಾಮಾನ್ಯ ಸ್ಪ್ಯಾನರು ಅವುಗಳ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಬಳೆಯಂತೆ ಸುತ್ತಲೂ ಅಪ್ಪಿ, ಪೈಪು ನುಗ್ಗುವಷ್ಟೇ ಸೀಳಿರುವ ಸ್ಪ್ಯಾನರು ಇದಕ್ಕೆಂದೇ ದೊರೆಯುತ್ತದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಮುಂದಿನ ಎರಡು ಅರ್ಧ ಗಂಟೆಯಲ್ಲಿ ಬಂದವು. ಹಿಂದಿನದು ಮಧ್ಯಾಹ್ನದ ಊಟವನ್ನು ತಿಂದುಹಾಕಿತು.

ತೆಗೆದ ಎಡಹೋಸನ್ನು ಚಾಕುವಿನಿಂದ ಉದ್ದಕ್ಕೂ ಸೀಳಿ ನೋಡಿದೆ. ಹೊರಮೈ ನೋಡುವುದಕ್ಕೆ ಸಭ್ಯವಾಗಿಯೇ ಇತ್ತು. ಬಗ್ಗಿಸಿದರೆ ಮಾತ್ರ ಕೂದಲೆಳೆಯ ಬಿರುಕುಗಳು ಕಾಣುತ್ತಿದ್ದವು. ಅದರೊಳಗೆ ನೂಲಿನ ಹೆಣಿಗೆ. ಅದರೊಳಗಿನ ರಬ್ಬರು ಊದಿ, ಮೆತ್ತಗಾಗಿ, ಮೂರು ಮಿಲಿಮೀಟರಿನಷ್ಟಿರಬೇಕಾದ ರಂಧ್ರ ಸೂಜಿಯ ದಾರಿಯಷ್ಟಾಗಿತ್ತು. ಒಂದೆಡೆ ಒಳಪದರ ಎದ್ದು ನಾಲಗೆಯಂತೆ ಬಾಗಿತ್ತು. ಕಾಲಿನ ಬಲ ದ್ರವವನ್ನು ಆ ನಾಲಗೆಯನ್ನು ತಳ್ಳಿಕೊಂಡು ಚಕ್ರಕ್ಕೆ ಒಯ್ಯುತ್ತಿತ್ತು. ಹಿಂದಿರುಗುವಾಗ ತಳ್ಳುವವರಿಲ್ಲದೆ ನಾಲಗೆ ದಾರಿ ಮುಚ್ಚುತ್ತಿತ್ತು. ಮನೆಯಾಕೆಗೆ ತೋರಿಸಿದೆ. “ನಿಮ್ಮ ಅತ್ತೆಯ ಹೃದಯದ ಡಾಕ್ಟರೂ ಇಂಥದೇ ಚಿತ್ರ ತೋರಿಸಿದ್ದರಲ್ಲಾ,” ಎಂದು ಅವಳು ಸುಮ್ಮನಾದಳು. ಆಮೇಲೆ ಅವಳು ಈ ಗಾಡಿಯ ಅಗತ್ಯವನ್ನು ಕುರಿತು ಪ್ರಶ್ನಿಸದೆ ಪಕ್ಕದಲ್ಲಿಯೇ ನಿಂತಳು.

ಹೊಸ ಹೋಸುಗಳಲ್ಲಿ ಎರಡು ಬಗೆ. ಒಂದು ರಬ್ಬರಿನದು; ಇನ್ನೊಂದು ಉಕ್ಕಿನ ಎಳೆಗಳನ್ನು ಹೆಣೆದು ಹೊದಿಸಿದ್ದು. ಎರಡನೆಯದು ಒತ್ತಡಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಪೆಡಲು ಬಿಗಿಯಾಗಿರುತ್ತದೆ, ನೋಟಕ್ಕೂ ಚೆಂದ. ಆದರೂ ನಾನು ರಬ್ಬರಿನದನ್ನೇ ಆರಿಸಿದೆ. ವಯಸ್ಸಾದಾಗ ಅದು ಸ್ವಲ್ಪವಾದರೂ ಮುಖದ ಮೇಲೆ ತೋರಿಸಿಕೊಳ್ಳುತ್ತದೆ. ಉಕ್ಕಿನ ಕವಚ ತೊಟ್ಟದ್ದು ತೋರಿಸುವುದಿಲ್ಲ. ಕೂಡಿಸುವಾಗ ಕ್ರಮ ತಿರುಗುಮುರುಗು: ಹೊಸ ತಾಮ್ರದ ವಾಷರಿನೊಡನೆ ಮೊದಲು ಕ್ಯಾಲಿಪರಿನ ತುದಿ, ಬಳಿಕ ಮೇಲಿನ ಲಾಕ್ ನಟ್ಟು, ಕೊನೆಗೆ ಪೈಪು. ಹಳೆಯ ವಾಷರನ್ನು ಮತ್ತೆ ಬಳಸುವುದು ನಾಲ್ಕು ಕಾಸಿನ ಜಿಪುಣತನ. ಎಲ್ಲ ಬಿಗಿದ ಮೇಲೆ ಸ್ಟಿಯರಿಂಗನ್ನು ಎರಡು ಕಡೆಯ ಕೊನೆಯವರೆಗೂ ತಿರುಗಿಸಿ, ಹೋಸು ಟಯರಿಗೂ ಸ್ಪ್ರಿಂಗಿಗೂ ತಾಗುವುದಿಲ್ಲ, ಎಳೆದುಕೊಳ್ಳುವುದಿಲ್ಲ, ಸುರುಳಿಯಾಗುವುದಿಲ್ಲ ಎಂದು ನೋಡಬೇಕು.

ಇನ್ನು ಉಳಿದದ್ದು ಗಾಳಿ ತೆಗೆಯುವುದು. ಇದು ದಾಂಪತ್ಯದ ಪರೀಕ್ಷೆ. ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಆರಂಭಿಸಿ, ನಿಪ್ಪಲಿಗೆ ಪಾರದರ್ಶಕವಾದ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ದ್ರವವಿರುವ ಸೀಸೆಯಲ್ಲಿ ಮುಳುಗಿಸಿ, ಗಾಡಿಯ ಕೆಳಗಿನಿಂದ ನಾನು “ಒತ್ತು” ಎನ್ನಬೇಕು. ಒಳಗೆ ಕುಳಿತವಳು ಒತ್ತಿ ಹಿಡಿಯಬೇಕು. ನಾನು ನಿಪ್ಪಲನ್ನು ತೆರೆದು, ಗುಳ್ಳೆಗಳು ಹೊರಟ ಮೇಲೆ ಮುಚ್ಚಿ, “ಬಿಡು” ಎನ್ನಬೇಕು. ನಿಪ್ಪಲು ಮುಚ್ಚುವ ಮೊದಲೇ ಬಿಟ್ಟರೆ ಹೋದ ಗಾಳಿ ಮರಳಿ ಬರುತ್ತದೆ. ನಡುನಡುವೆ ಮೇಲಿನ ಡಬ್ಬಿಗೆ ಹೊಸ ದ್ರವ ಸುರಿಯುತ್ತಿರಬೇಕು. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಆಗಿಂದಾಗ ನೀರಿನಿಂದ ತೊಳೆಯಬೇಕು, ಇಲ್ಲವಾದರೆ ಬಣ್ಣ ಕರಗಿಹೋಗುತ್ತದೆ. ಮೂವತ್ತನೆಯ “ಒತ್ತು” ಆದ ಮೇಲೆ ಮೇಲಿನಿಂದ ಧ್ವನಿ ಬಂತು: “ರೀ, ಒಂದು ಸಲವಾದರೂ ನೀವು ಇಲ್ಲಿ ಕೂತು, ನಾನು ಹೇಳಿದ ಹಾಗೆ ಕೇಳಬಾರದೆ?” ಕೊನೆಯ ಚಕ್ರದ ಸರದಿಯಲ್ಲಿ ಹಾಗೆಯೇ ಮಾಡಿದೆವು. ಅವಳ “ಬಿಡಿ” ನನ್ನ “ಬಿಡು”ಗಿಂತ ಸ್ಪಷ್ಟವಾಗಿತ್ತು. ಗುಳ್ಳೆಗಳು ನಿಂತವು, ಕಾಫಿಯ ಬಣ್ಣದ ಹಳೆಯ ದ್ರವ ಹೋಗಿ ತಿಳಿಜೇನಿನ ಬಣ್ಣದ್ದು ಬಂದಿತು, ಪೆಡಲು ಕಾಲಿನ ಕೆಳಗೆ ಕಲ್ಲಿನಂತೆ ನಿಂತಿತು.

ಒಬ್ಬರು ಬಲವಾಗಿ ಒತ್ತಿ ಹಿಡಿದಿರಲು ಇನ್ನೊಬ್ಬರು ಒಂದೊಂದು ಕೀಲನ್ನೂ ಕಾಗದದಿಂದ ಒರಸಿ ನೋಡಿದೆವು. ಕಾಗದ ಒಣಗಿಯೇ ಇತ್ತು. ಮನೆಯ ಹಿಂದಿನ ಓಣಿಯಲ್ಲಿ ನಡೆಯುವ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗೆ ಇಳಿದು ಇಪ್ಪತ್ತು, ಮೂವತ್ತು, ಐವತ್ತು ಮೈಲಿಗಳ ವೇಗದಿಂದ ನಿಲ್ಲಿಸಿದೆ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಎರಡೂ ಚಕ್ರಗಳ ಬಿಸಿ ಒಂದೇ ಸಮನಾಗಿತ್ತು. ಸೀಸೆಯಲ್ಲಿ ಕೂಡಿದ ಹಳೆಯ ದ್ರವವನ್ನು ಚರಂಡಿಗೆ ಚೆಲ್ಲದೆ ಊರಿನ ತ್ಯಾಜ್ಯ ಸಂಗ್ರಹದ ಕಟ್ಟೆಗೆ ಒಯ್ದು ಕೊಟ್ಟೆ.

ಮಗಳು ಹೊರಡುವ ಮುನ್ನ ಅವಳನ್ನು ಕೂರಿಸಿಕೊಂಡು ಒಂದೇ ಒಂದು ಪಾಠ ಹೇಳಿದೆ: ಗುಡ್ಡವನ್ನು ಏರುವ ಗೇರಿನಲ್ಲಿಯೇ ಇಳಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ, ಪೆಡಲಿನ ಮೇಲೆ ಕಾಲನ್ನು ಊರಿಯೇ ಕೂರಬೇಡ. ಅವಳು ತಲೆದೂಗಿದಳು. ನಾಲ್ಕನೆಯ ದಿನ ಸಂಜೆ ಗಾಡಿ ಎಕ್ಸ್‌ಮೂರಿನ ಕೆಂಪು ಮಣ್ಣನ್ನು ಮೆತ್ತಿಕೊಂಡು ಅಂಗಳಕ್ಕೆ ಬಂದಿತು. ಊಟಕ್ಕೆ ಕರೆಯುವವರೆಗೂ ನಾನು ಅದರ ಕೆಳಗೆ ದೀಪ ಹಿಡಿದು ಮಲಗಿದ್ದೆ. ಆರು ಕೀಲುಗಳೂ ಒಣಗಿದ್ದವು.