ಹೆದ್ದಾರಿಯೂ ಹಳ್ಳದ ದಾರಿಯೂ

ಸಂಸ್ಕೃತದ ‘ಮಾರ್ಗ’ ಶಬ್ದಕ್ಕೆ ಮೂಲವಾದ ಧಾತುವಿಗೆ ‘ಹುಡುಕು’ ಎಂದು ಅರ್ಥ. ಮೊದಲು ಅನ್ವೇಷಣೆ, ಆಮೇಲೆ ಗಮನ. ದಾರಿಯನ್ನು ನಿರ್ಮಿಸುವವರಿಗೂ ಈ ಕ್ರಮವು ತಪ್ಪದು. ನೆಲ, ನೀರು, ಮರ, ಮನೆ ಇವುಗಳಿಗೆ ರಸ್ತೆಯಿಂದ ಒದಗಬಹುದಾದ ಹಾನಿಯನ್ನು ಗುದ್ದಲಿ ಬೀಳುವ ಮೊದಲೇ ಶೋಧಿಸಿ, ಪರಿಹಾರವನ್ನು ಯೋಚಿಸುವುದಕ್ಕೆ ಪರಿಸರ ಪರಿಶೀಲನೆಯೆಂದು ಹೆಸರು.

ವಿಜಯಪುರ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ಸೊಲ್ಲಾಪುರದ ಹೆದ್ದಾರಿಯು ಇಂಡಿಯ ಸೀಮೆಯನ್ನೂ ಕಲಬುರ್ಗಿಯದು ಸಿಂದಗಿಯನ್ನೂ ಹಾಯ್ದು ವಿಜಯಪುರಕ್ಕೆ ಬರುತ್ತವೆ. ಮನಗೂಳಿಯಿಂದ ಬಸವನ ಬಾಗೇವಾಡಿ, ಹಳೆಯ ಮುದ್ದೇಬಿಹಾಳ ತಾಲೂಕಿನ ತಾಳಿಕೋಟೆ ಇವುಗಳ ಮೇಲೆ ದೇವಾಪುರಕ್ಕೆ ಹೋಗುವ ರಾಜ್ಯ ಹೆದ್ದಾರಿಯು, ಏಷ್ಯಾ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಮಂಜೂರು ಮಾಡಿದ ಸಾಲದ ಯೋಜನೆಯಲ್ಲಿ ಸೇರಿತು. ಒಳ್ಳೆಯ ರಸ್ತೆಯ ಉಪಕಾರವನ್ನು ಅಲ್ಲಗಳೆಯುವವರಾರು? ಹೆರಿಗೆಯ ಹೆಣ್ಣುಮಗಳು ಹೊತ್ತಿಗೆ ಸರಿಯಾಗಿ ದವಾಖಾನೆಯನ್ನು ಸೇರುವಳು. ಇಂಡಿಯ ನಿಂಬೆಹಣ್ಣು ಬಾಡುವ ಮೊದಲೇ ಪೇಟೆಯನ್ನು ಮುಟ್ಟುವುದು.

ಆದರೆ ನಮ್ಮದು ಎರೆಭೂಮಿ. ಮಳೆಗೆ ಹಿಗ್ಗಿ, ಬೇಸಗೆಗೆ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ರಸ್ತೆ ನಿಲ್ಲಬೇಕಾದರೆ ಗರಸನ್ನು ಹಾಕಿ ಏರಿಸಬೇಕು. ಹಾಗೆ ಏರಿಸಿದ ರಸ್ತೆಯು ಹೊಲಗಳ ನಡುವೆ ಒಡ್ಡಿನಂತಾಗುವುದು. ತೊಯ್ದ ಎರೆಯು ನೀರನ್ನು ಬೇಗನೆ ಇಂಗಿಸದು. ಮೋರಿಗಳು ಸಾಲದಿದ್ದರೆ ಮೇಲಿನ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುವುದು. ಇಕ್ಕಟ್ಟಾದ ಮೋರಿಯಿಂದ ನುಗ್ಗುವ ಪ್ರವಾಹವು ಕೆಳಗಿನ ಹೊಲದ ಮಣ್ಣನ್ನು ಕೊಚ್ಚುವುದು. ಡೋಣಿ ನದಿಯ ಹುಚ್ಚು ಹೊನಲನ್ನು ಕಂಡ ತಾಳಿಕೋಟೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಸು ಅಗೆದ ಗುಂಡಿಗಳನ್ನು ಹಾಗೆಯೇ ಬಿಟ್ಟರೆ ಮಳೆಗಾಲದಲ್ಲಿ ಅವು ಮಕ್ಕಳಿಗೂ ದನಕರುಗಳಿಗೂ ಮೃತ್ಯುಮುಖವಾಗುವುವು.

ಎರಡನೆಯದು ನೆರಳು. ಅರಣ್ಯವು ಅತ್ಯಲ್ಪವಾಗಿರುವ ಈ ಜಿಲ್ಲೆಯಲ್ಲಿ ದಾರಿಬದಿಯ ಬೇವು, ಹುಣಸೆಗಳೇ ಪಥಿಕರಿಗೆ ಛತ್ರ. ದಾರಿಗುಂಟ ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದುದನ್ನು ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಇಂದು ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಕಟ್ಟಳೆಯುಂಟು. ಕಡಿದುದಕ್ಕೆ ಬದಲು ಸಸಿ ನೆಟ್ಟರೆ ಸಾಲದು. ಬೇಸಗೆಗಳಲ್ಲಿ ಅದಕ್ಕೆ ನೀರೆರೆಯುವವರು ಯಾರೆಂಬುದೂ ಯೋಜನೆಯಲ್ಲಿಯೇ ನಿಶ್ಚಯವಾಗಬೇಕು.

1986ರ ಪರಿಸರ ಸಂರಕ್ಷಣಾ ಅಧಿನಿಯಮದ ಮೇರೆಗೆ 2006ರಲ್ಲಿ ಹೊರಟ ಅಧಿಸೂಚನೆಯು ದೊಡ್ಡ ಯೋಜನೆಗಳಿಗೆ ಪೂರ್ವಾನುಮತಿಯನ್ನು ವಿಧಿಸಿತು. ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನಗಳ ಮುನ್ಸೂಚನೆಯೂ ಸ್ಥಳೀಯ ಭಾಷೆಯಲ್ಲಿ ವರದಿಯ ಸಾರಾಂಶವೂ ಇರಬೇಕೆಂದು ಅದರ ನಿಯಮ. ಆದರೆ ಬಯಲುಸೀಮೆಯಲ್ಲಿ ಇರುವ ರಾಜ್ಯ ಹೆದ್ದಾರಿಯನ್ನು ಅಗಲಿಸುವುದಕ್ಕೆ ಸಾಮಾನ್ಯವಾಗಿ ಈ ಅನುಮತಿಯು ಬೇಕಾಗದು. ಅಂಥಲ್ಲಿ ಸಾಲ ಕೊಡುವ ಬ್ಯಾಂಕುಗಳು ತಮ್ಮ ನಿಯಮದಂತೆ ಪರಿಶೀಲನೆಯನ್ನು ಮಾಡಿಸುತ್ತವೆ. ಅಧಿಕಾರಿಗಳು ಊರಿಗೆ ಬಂದು ಕೇಳುವ ಒಂದೆರಡು ಸಭೆಗಳೇ ಆಗ ಗ್ರಾಮಸ್ಥರ ಮಾತಿಗೆ ದೊರೆಯುವ ಅವಕಾಶ.

ಆದುದರಿಂದ ಅಳತೆಯ ಸರಪಳಿ ಊರಿಗೆ ಬಂದ ದಿನ ಗೃಹಸ್ಥರು ಮನೆಯಲ್ಲಿ ಕುಳಿತಿರಬಾರದು. ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು, ಯಾವ ಹಳ್ಳವು ಬೇಸಗೆಯಲ್ಲಿ ಮಾಯವಾಗಿ ಮಳೆಗಾಲದಲ್ಲಿ ಹೊಳೆಯಾಗುವುದು, ಸಿಹಿನೀರಿನ ಬಾವಿ ಯಾವುದು, ಶಾಲೆಯ ಮಕ್ಕಳು ಎಲ್ಲಿ ದಾಟುವರು ಎಂಬುದನ್ನು ವೃದ್ಧರು ತೋರಿಸಿಕೊಡಬೇಕು. ನೀರು ತರುವ ಹೆಣ್ಣುಮಕ್ಕಳನ್ನೂ ಸಭೆಗೆ ಕರೆದೊಯ್ಯಬೇಕು; ಕಾಲುದಾರಿಗಳನ್ನು ಅವರಷ್ಟು ಬಲ್ಲವರಿಲ್ಲ. ಹೇಳಿದುದನ್ನು ಬರೆದುಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು. ನಕ್ಷೆಯ ಮೇಲೆ ಮೋರಿಯನ್ನು ಸೇರಿಸಲು ಒಂದು ಗೆರೆ ಸಾಕು. ಡಾಂಬರು ಬಿದ್ದ ಮೇಲೆ ಅದಕ್ಕಾಗಿ ರಸ್ತೆಯನ್ನೇ ಒಡೆಯಬೇಕಾಗುವುದು.